ಸೂಕ್ಷ್ಮಜೀವಿಗಳ ಸಂಭಾಷಣೆಯೂ ಶ್ವಾಸಕೋಶದ ದೀರ್ಘರೋಗವೂ

ರೋಗಗಳಲ್ಲಿ ಎರಡು ಬಗೆಯುಂಟು. ಕೆಲವು ಬಿರುಗಾಳಿಯಂತೆ ಬಂದು, ಮನೆಮಂದಿಯನ್ನೆಲ್ಲ ಗಾಬರಿಗೊಳಿಸಿ, ತಕ್ಕ ಔಷಧವು ಬಿದ್ದೊಡನೆ ಹೊರಟುಹೋಗುವುವು. ಮತ್ತೆ ಕೆಲವು ಬಾಡಿಗೆಗೆ ಬಂದ ಒಕ್ಕಲಿನಂತೆ ಮೆಲ್ಲನೆ ಒಳಹೊಕ್ಕು, ತಮ್ಮ ಸಾಮಾನು ಸರಂಜಾಮುಗಳನ್ನು ಹರಡಿಕೊಂಡು, ವರ್ಷಗಟ್ಟಲೆ ಕಳೆದರೂ ಕದಲದೆ ಕುಳಿತುಬಿಡುವುವು. ಶ್ವಾಸಕೋಶದಲ್ಲಿ ನೆಲಸುವ ಕೆಲವು ಕ್ರಿಮಿರೋಗಗಳು ಈ ಎರಡನೆಯ ಬಗೆಗೆ ಸೇರಿದುವು. ರೋಗಿಯು ದಿನವೂ ಬೆಳಗ್ಗೆ ಎದ್ದು ಕಫವನ್ನು ಕೆಮ್ಮಿ ಉಗುಳುವನು. ವೈದ್ಯರು ಔಷಧ ಕೊಟ್ಟರೆ ಹತ್ತು ಹದಿನೈದು ದಿನ ಎದೆ ಹಗುರವೆನಿಸುವುದು. ಔಷಧವು ನಿಂತ ಕೆಲವು ವಾರಗಳಲ್ಲಿಯೇ ಕೆಮ್ಮು ಮರಳಿ ಬರುವುದು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಅದೇ ಔಷಧದಿಂದ ಅದೇ ಕ್ರಿಮಿಯು ಸಾಯುವುದನ್ನು ಕಾಣಬಹುದಾಗಿದ್ದರೂ ಎದೆಯೊಳಗೆ ಮಾತ್ರ ಅದು ಸಾಯದಿರುವುದೇಕೆ? ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ಒಂದು ಬಹು ವಿಚಿತ್ರವಾದುದು. ಅದೇನೆಂದರೆ, ಕ್ರಿಮಿಗಳು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುವುವು ಎಂಬುದು. ಈ ಸಂಭಾಷಣೆಯ ಸ್ವರೂಪವೇನು, ಅದರಿಂದ ರೋಗಿಗೆ ಬರುವ ಕೇಡೇನು, ಅದನ್ನು ತಿಳಿದುದರಿಂದ ನಮಗಾಗುವ ಪ್ರಯೋಜನವೇನು ಎಂಬುದನ್ನು ನಮ್ಮ ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವು.

ಸೂಕ್ಷ್ಮಜೀವಿಯೆಂದೊಡನೆ ಹಗೆಯೆಂದು ಭಾವಿಸಬೇಕಾದುದಿಲ್ಲ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಬೆಳಗ್ಗೆ ಗಟ್ಟಿ ಮೊಸರನ್ನು ಕಾಣುವ ಪ್ರತಿಯೊಬ್ಬ ಗೃಹಿಣಿಯೂ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳಿಂದ ದಿನವೂ ಸೇವೆಯನ್ನು ಪಡೆಯುತ್ತಿರುವಳು. ಇವುಗಳಲ್ಲಿ ಒಂದೊಂದರ ದೇಹವೂ ಒಂದೇ ಒಂದು ಜೀವಕಣದಿಂದಾದುದು. ಉದ್ದವು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಭಾಗದಷ್ಟು ಮಾತ್ರ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ನಾಲಗೆಯಿಲ್ಲ, ಮಿದುಳಿಲ್ಲ. ಆದುದರಿಂದ ಅದು ತನ್ನ ಪಾಡಿಗೆ ತಾನು ಉಂಡು, ಎರಡಾಗಿ ಒಡೆದು, ಮತ್ತೆ ಉಂಡು, ಮತ್ತೆ ಒಡೆಯುವ ಒಂಟಿ ಬಾಳಿನ ಜೀವಿಯೆಂದೇ ಪಂಡಿತರು ಬಹುಕಾಲ ಎಣಿಸಿದ್ದರು. ಸಾವಿರ ಕ್ರಿಮಿಗಳೆಂದರೆ ಒಂದು ಕ್ರಿಮಿಯ ಸಾವಿರದಷ್ಟು ಎಂಬುದು ಅವರ ಲೆಕ್ಕವಾಗಿದ್ದಿತು. ಸಾವಿರವು ಕೂಡಿದಾಗ ಒಂದರಲ್ಲಿ ಇಲ್ಲದ ಹೊಸದೊಂದು ಶಕ್ತಿಯು ಹುಟ್ಟಬಹುದೆಂಬುದು ಆ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಈ ಎಣಿಕೆಯು ಅಲುಗಲಾರಂಭಿಸಿದುದು 1965ರಲ್ಲಿ. ನ್ಯುಮೋನಿಯಾ ಜ್ವರಕ್ಕೆ ಕಾರಣವಾದ ಕ್ರಿಮಿಗಳಲ್ಲೊಂದಾದ ನ್ಯುಮೊಕಾಕಸ್ಸನ್ನು ಪರೀಕ್ಷಿಸುತ್ತಿದ್ದ ಅಲೆಕ್ಸಾಂಡರ್ ತೊಮಾಜ್ ಎಂಬ ಶೋಧಕರು, ಆ ಕ್ರಿಮಿಗಳು ಒಂದು ದ್ರವ್ಯವನ್ನು ಹೊರಕ್ಕೆ ಬಿಡುವುವೆಂದೂ, ಅದು ಸುತ್ತಲಿನ ಕ್ರಿಮಿಗಳ ನಡತೆಯನ್ನು ಬದಲಾಯಿಸುವುದೆಂದೂ ತೋರಿಸಿ, ಅದನ್ನು ನಮ್ಮ ದೇಹದ ಹಾರ್ಮೋನುಗಳಿಗೆ ಹೋಲಿಸಿದರು. ಐದು ವರ್ಷಗಳ ತರುವಾಯ, 1970ರಲ್ಲಿ, ಅಮೆರಿಕಾ ದೇಶದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೆನೆತ್ ನೀಲ್ಸನ್, ಟೆರಿ ಪ್ಲಾಟ್, ವುಡ್ಲೆಂಡ್ ಹೇಸ್ಟಿಂಗ್ಸ್ ಎಂಬವರು ಸಮುದ್ರದಲ್ಲಿ ವಾಸಿಸಿ ಬೆಳಕನ್ನು ಬೀರುವ ಒಂದು ಜಾತಿಯ ಸೂಕ್ಷ್ಮಜೀವಿಯಲ್ಲಿ ಇನ್ನೂ ಸ್ಪಷ್ಟವಾದ ಸಂಗತಿಯನ್ನು ಕಂಡರು. ಹೊಸ ಆಹಾರದ್ರವದಲ್ಲಿ ಕೆಲವೇ ಜೀವಿಗಳನ್ನು ಬಿಟ್ಟರೆ ಅವು ಬೆಳೆಯುವುವು, ಹೆಚ್ಚುವುವು, ಆದರೆ ಮಿನುಗುವುದಿಲ್ಲ. ಸಂಖ್ಯೆಯು ಒಂದು ಮಟ್ಟಕ್ಕೆ ಬಂದ ಕೂಡಲೇ, ದೀಪೋತ್ಸವಕ್ಕೆ ಅಪ್ಪಣೆಯಾದಂತೆ, ಎಲ್ಲವೂ ಬೆಳಗತೊಡಗುವುವು. ಮೊದಲೇ ತುಂಬ ಕ್ರಿಮಿಗಳು ಬೆಳೆದಿದ್ದ ದ್ರವವನ್ನು ಶೋಧಿಸಿ, ಜೀವಿಗಳನ್ನು ತೆಗೆದುಹಾಕಿ, ಬರಿಯ ದ್ರವದಲ್ಲಿ ಕೆಲವೇ ಹೊಸ ಜೀವಿಗಳನ್ನು ಬಿಟ್ಟರೆ ಅವು ಬಲುಬೇಗನೆ ಬೆಳಗಲಾರಂಭಿಸುವುವು. ಎಂದರೆ, ಹೋದವರು ಬಿಟ್ಟುಹೋದ ಯಾವುದೋ ಒಂದು ಸಂದೇಶವು ಆ ದ್ರವದಲ್ಲಿ ಉಳಿದಿದ್ದಿತು. ಆ ಸಂದೇಶವನ್ನು ಹೊತ್ತ ರಾಸಾಯನಿಕ ಪದಾರ್ಥವು ಯಾವುದೆಂಬುದು 1981ರಲ್ಲಿ ತಿಳಿಯಬಂದಿತು.

ಈ ಜೀವಿಗೆ ಬೆಳಕಿನಿಂದ ಏನು ಲಾಭವೆಂದು ವಾಚಕರು ಕೇಳಬಹುದು. ಹವಾಯಿ ದ್ವೀಪಗಳ ಬಳಿಯ ಆಳವಿಲ್ಲದ ಕಡಲಿನಲ್ಲಿ ಹೆಬ್ಬೆರಳಿನಷ್ಟಿರುವ ಒಂದು ಸ್ಕ್ವಿಡ್ ಇರುವುದು. ನಮ್ಮ ಕರಾವಳಿಯ ಮೀನುಪೇಟೆಗಳಲ್ಲಿ ಬೊಂಡಾಸವೆಂದು ಮಾರುವ ಜಲಚರದ ದೂರದ ಬಂಧು. ಇದರ ಹೊಟ್ಟೆಯ ಕಡೆಯಲ್ಲಿರುವ ಒಂದು ಅಂಗದಲ್ಲಿ ಈ ಸೂಕ್ಷ್ಮಜೀವಿಗಳು ಕಿಕ್ಕಿರಿದು ವಾಸಿಸುವುವು. ಬೆಳದಿಂಗಳಿನಲ್ಲಿ ಈಜುವಾಗ ಇವುಗಳ ಬೆಳಕು ಕೆಳಮುಖವಾಗಿ ಬೀಳುವುದರಿಂದ ಸ್ಕ್ವಿಡ್ಡಿನ ಆಕಾರವು ಕೆಳಗಿನ ಹಗೆಗಳ ಕಣ್ಣಿಗೆ ಕಪ್ಪಾಗಿ ಕಾಣದು. ಅದಕ್ಕೆ ಪ್ರತಿಯಾಗಿ ಸ್ಕ್ವಿಡ್ಡು ಅವುಗಳಿಗೆ ಊಟವನ್ನೂ ಮನೆಯನ್ನೂ ಕೊಡುವುದು. ವಿಶಾಲವಾದ ಸಮುದ್ರದಲ್ಲಿ ಒಂಟಿಯಾಗಿ ತೇಲುವ ಒಂದು ಕ್ರಿಮಿಯು ಬೆಳಗಿದರೆ ಯಾರ ಕಣ್ಣಿಗೂ ಬೀಳದು, ಶಕ್ತಿಯು ವ್ಯರ್ಥ. ಕೋಟಿಗಳು ಕೂಡಿ ಬೆಳಗಿದರೆ ಮಾತ್ರ ಪ್ರಯೋಜನ. ಹನಿಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಈ ಜೀವಿಗಳು ನಮಗಿಂತ ಮೊದಲೇ ಅರಿತಿದ್ದುವೆಂದು ತೋರುವುದು.

ಇನ್ನು ಇವು ಲೆಕ್ಕಮಾಡುವ ಬಗೆಯನ್ನು ನೋಡೋಣ. ಪ್ರತಿಯೊಂದು ಕ್ರಿಮಿಯೂ ಒಂದು ಸಂಕೇತದ್ರವ್ಯವನ್ನು ಸದಾ ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ಬಿಡುತ್ತಿರುವುದು. ಸುತ್ತಲೂ ಬೇರೆಯವು ಇಲ್ಲದಿದ್ದರೆ ಅದು ನೀರಿನಲ್ಲಿ ಹರಡಿ ತೆಳುವಾಗಿ ಹೋಗುವುದು. ಕ್ರಿಮಿಗಳು ದಟ್ಟವಾದಂತೆಲ್ಲ ಈ ದ್ರವ್ಯವೂ ದಟ್ಟವಾಗುವುದು. ಒಂದು ಮಟ್ಟವನ್ನು ಮೀರಿದ ಮೇಲೆ ಅದು ಕ್ರಿಮಿಯೊಳಗಿನ ಒಂದು ಗ್ರಾಹಕಪದಾರ್ಥಕ್ಕೆ, ಬೀಗಕ್ಕೆ ಬೀಗದಕೈಯಂತೆ, ಹೊಂದಿಕೊಂಡು, ಅದುವರೆಗೆ ಮುಚ್ಚಿದ್ದ ಹಲವು ವಂಶವಾಹಿಗಳ ಕದವನ್ನು ತೆರೆಯುವುದು. ಸಭೆ ಸಂಘಗಳ ವ್ಯವಹಾರವನ್ನು ಬಲ್ಲವರಿಗೆ ಕೋರಂ ಎಂಬ ಮಾತು ಪರಿಚಿತವಾದುದು. ಇಂತಿಷ್ಟು ಮಂದಿ ಸದಸ್ಯರು ಹಾಜರಿದ್ದ ಹೊರತು ಸಭೆಯು ಯಾವ ನಿರ್ಣಯವನ್ನೂ ಮಾಡಲಾಗದು. ಕ್ರಿಮಿಗಳ ಈ ಪದ್ಧತಿಗೂ ಅದೇ ಹೆಸರು ಒಪ್ಪುವುದೆಂದು ಕಂಡು, 1994ರಲ್ಲಿ ಫುಕ್ವಾ, ವಿನನ್ಸ್, ಗ್ರೀನ್‌ಬರ್ಗ್ ಎಂಬ ಮೂವರು ಪಂಡಿತರು ಇದನ್ನು ಕೋರಂ ಸೆನ್ಸಿಂಗ್, ಎಂದರೆ ಕೋರಂ ಆಯಿತೆಂಬುದನ್ನು ಅರಿಯುವಿಕೆ, ಎಂದು ಕರೆದರು.

ಕಡಲಿನ ಜೀವಿಯಲ್ಲಿ ಚೆಲುವಾಗಿ ತೋರುವ ಈ ಪದ್ಧತಿಯು ಮನುಷ್ಯನ ಎದೆಯಲ್ಲಿ ಭಯಂಕರವಾಗಿ ಪರಿಣಮಿಸುವುದು. ಸೂಡೊಮೋನಾಸ್ ಎರುಗಿನೋಸ ಎಂಬ ಕ್ರಿಮಿಯೇ ಇದಕ್ಕೆ ಮುಖ್ಯ ನಿದರ್ಶನ. ಎರುಗಿನೋಸ ಎಂಬ ಲ್ಯಾಟಿನ್ ಮಾತಿಗೆ ತಾಮ್ರದ ಕಿಲುಬಿನಂತಿರುವುದು ಎಂದರ್ಥ. ತೊಳೆಯದ ತಾಮ್ರದ ಪಾತ್ರೆಯಲ್ಲಿ ಕಾಣುವ ನೀಲಿಹಸುರು ಬಣ್ಣವನ್ನೇ ಈ ಕ್ರಿಮಿಯು ಉಂಟುಮಾಡುವುದು. ಗಾಯದ ಪಟ್ಟಿಗಳನ್ನು ಹೀಗೆ ಬಣ್ಣಗೆಡಿಸುತ್ತಿದ್ದುದು ಇದೇ ಎಂದು ಫ್ರಾನ್ಸಿನ ಗೆಸ್ಸಾರ್ ಎಂಬವರು 1882ರಲ್ಲಿ ಇದನ್ನು ಬೇರ್ಪಡಿಸಿ ತೋರಿಸಿದರು. ಮಣ್ಣು, ನೀರು, ಬಚ್ಚಲು, ನಲ್ಲಿಯ ಬಾಯಿ, ತೇವವಿರುವ ಎಡೆಗಳೆಲ್ಲವೂ ಇದರ ವಾಸಸ್ಥಾನಗಳೇ. ಆರೋಗ್ಯವಂತರ ಶ್ವಾಸಕೋಶದಲ್ಲಿ ಇದಕ್ಕೆ ಎಡೆಯಿಲ್ಲ. ಶ್ವಾಸನಾಳಗಳ ಒಳಮೈಯಲ್ಲಿರುವ ನವುರಾದ ರೋಮಗಳು ಲೋಳೆಯೊಡನೆ ಇದನ್ನು ಮೇಲಕ್ಕೆ ತಳ್ಳಿ ಹೊರಹಾಕುವುವು.

ಆದರೆ ಆ ಗುಡಿಸುವ ಕೆಲಸವು ಕೆಟ್ಟವರ ಸ್ಥಿತಿಯು ಬೇರೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ತಾಯಿತಂದೆಗಳಿಬ್ಬರಿಂದಲೂ ದೋಷವಿರುವ ವಂಶವಾಹಿಯು ಬಂದಾಗ ಮಗುವಿಗೆ ಉಂಟಾಗುವ ಕಾಯಿಲೆ. ಆ ವಂಶವಾಹಿಯು 1989ರಲ್ಲಿ ಪತ್ತೆಯಾಯಿತು. ಇದರಲ್ಲಿ ದೇಹದ ಉಪ್ಪುನೀರಿನ ಸಂಚಾರವು ಕೆಟ್ಟು, ಶ್ವಾಸನಾಳದ ಲೋಳೆಯು ಅಂಟಿನಂತೆ ಗಟ್ಟಿಯಾಗುವುದು. ಯೂರೋಪಿನ ಮೂಲದ ಜನರಲ್ಲಿ ಇದು ಹೆಚ್ಚು. ನಮ್ಮ ದೇಶದಲ್ಲಿಯೂ ಇಲ್ಲದಿಲ್ಲ. ನಮ್ಮವರಲ್ಲಿ ಇನ್ನೂ ಹೆಚ್ಚಾಗಿ ಕಾಣುವುದು ಬ್ರಾಂಕಿಯೆಕ್ಟೇಸಿಸ್ ಎಂಬ ರೋಗ: ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ, ಜೋಲಾಗಿ, ಕಫವು ಅಲ್ಲಿಯೇ ಮಡುಗಟ್ಟಿ ನಿಲ್ಲುವುದು ಇದರ ಲಕ್ಷಣ. ಭಾರತದ 2,195 ಮಂದಿ ಇಂತಹ ರೋಗಿಗಳ ವಿವರಗಳನ್ನು ಕಲೆಹಾಕಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ, ರೋಗದ ಮೂಲಕಾರಣಗಳಲ್ಲಿ ಕ್ಷಯವೇ ಮೊದಲನೆಯದಾಗಿ, ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿಗೆ ಅದರಿಂದಲೇ ಈ ಸ್ಥಿತಿಯು ಬಂದಿತ್ತು. ಕಫದಲ್ಲಿ ಬೆಳೆದ ಕ್ರಿಮಿಗಳ ಪೈಕಿ ಸೂಡೊಮೋನಾಸಿಗೇ ಅಗ್ರಸ್ಥಾನ. ಎಂದರೆ, ಕ್ಷಯವು ವಾಸಿಯಾಗಿ ಹೋದ ಮೇಲೆಯೂ ಅದು ಕೆಡಿಸಿಟ್ಟ ಮನೆಯಲ್ಲಿ ಬೇರೊಬ್ಬ ವೈರಿಯು ಬಂದು ಬಿಡಾರ ಹೂಡುವನು. ಆದಕಾರಣ ಇದು ನಮಗೆ ದೂರದ ವಿಷಯವಲ್ಲ.

ಈ ಕ್ರಿಮಿಯು ಬಿಡಾರ ಹೂಡುವ ರೀತಿಯು ಯುದ್ಧನೀತಿಯನ್ನು ಬಲ್ಲ ಸೇನಾಪತಿಯ ರೀತಿ. ಸಂಖ್ಯೆಯು ಕಡಿಮೆಯಿರುವಾಗ ವಿಷವನ್ನು ಕಾರಿದರೆ ದೇಹದ ಕಾವಲುಗಾರರಾದ ಬಿಳಿ ರಕ್ತಕಣಗಳು ಎಚ್ಚರಗೊಂಡು ಅದನ್ನು ಮುಗಿಸಿಬಿಡಬಹುದು. ಆದುದರಿಂದ ಅದು ಸದ್ದಿಲ್ಲದೆ ಹೆಚ್ಚುತ್ತ, ತನ್ನ ಸಂಕೇತದ್ರವ್ಯದಿಂದ ತನ್ನವರನ್ನು ಎಣಿಸುತ್ತಿರುವುದು. ಕೋರಂ ಆದೊಡನೆ ಆಯುಧಶಾಲೆಯ ಬಾಗಿಲು ತೆರೆಯುವುದು. ಶ್ವಾಸಕೋಶಕ್ಕೆ ಹಿಗ್ಗುವ ಕುಗ್ಗುವ ಗುಣವನ್ನು ಕೊಡುವ ನಾರನ್ನು ಕರಗಿಸುವ ರಸವೊಂದು, ಬಿಳಿ ರಕ್ತಕಣಗಳನ್ನು ಒಡೆದುಹಾಕುವ ಸಾಬೂನಿನಂತಹ ಪದಾರ್ಥವೊಂದು, ಮೇಲೆ ಹೇಳಿದ ಕಿಲುಬಿನ ಬಣ್ಣದ ವಿಷವೊಂದು, ಹೀಗೆ ಹಲವು ಆಯುಧಗಳು ಹೊರಬೀಳುವುವು. ಈ ಕ್ರಿಮಿಗೆ ಇಂತಹ ಸಂಕೇತಗಳು ಒಂದಲ್ಲ. ಕನಿಷ್ಠ ಮೂರು ಬಗೆಯವು ಇದ್ದು, ಒಂದಕ್ಕೊಂದು ಹೆಣೆದುಕೊಂಡಿರುವುವು. ಅವುಗಳಲ್ಲಿ ಮೊದಲನೆಯ ಸಂಕೇತವನ್ನು ಕೇಳುವ ಕಿವಿಯೆನ್ನಬಹುದಾದ ಗ್ರಾಹಕಕ್ಕೆ ಲಾಸ್‌ಆರ್ ಎಂದು ಹೆಸರು. ಈ ಹೆಸರನ್ನು ವಾಚಕರು ಸ್ವಲ್ಪ ನೆನಪಿನಲ್ಲಿಡಬೇಕು.

ಆಯುಧಗಳಿಗಿಂತಲೂ ಹೆಚ್ಚಿನ ಅನರ್ಥವನ್ನು ಮಾಡುವುದು ಕೋಟೆ. ಎರಡು ಮೂರು ದಿನ ಉಜ್ಜದೆ ಬಿಟ್ಟ ಬಚ್ಚಲಕಲ್ಲಿನ ಮೇಲೆ ಕಾಲಿಟ್ಟರೆ ಜಾರುವಂತಹ ಲೋಳೆಯು ಕಟ್ಟಿರುವುದನ್ನು ಎಲ್ಲರೂ ಕಂಡಿರುವರು. ಬರಿಯ ನೀರು ಸುರಿದರೆ ಅದು ಹೋಗುವುದಿಲ್ಲ. ತೆಂಗಿನ ನಾರಿನಿಂದ ತಿಕ್ಕಬೇಕು. ಆ ಲೋಳೆಯು ಸೂಕ್ಷ್ಮಜೀವಿಗಳು ತಮ್ಮ ಮೈಯಿಂದ ಸ್ರವಿಸಿ ಕಟ್ಟಿಕೊಂಡ ಊರು. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುವರು. ಶ್ವಾಸನಾಳದ ಕಫದಲ್ಲಿ ಸೂಡೊಮೋನಾಸ್ ಕಟ್ಟುವುದೂ ಇಂತಹ ಊರನ್ನೇ. 1998ರಲ್ಲಿ ಅಮೆರಿಕದ ಶೋಧಕರು, ಸಂಕೇತದ್ರವ್ಯವನ್ನು ತಯಾರಿಸಲಾರದ ಮೂಕ ಸೂಡೊಮೋನಾಸನ್ನು ಗಾಜಿನ ಮೇಲೆ ಬೆಳೆಯಬಿಟ್ಟರು. ಅದು ತೆಳ್ಳಗೆ, ಚಪ್ಪಟೆಯಾಗಿ ಹರಡಿತೇ ಹೊರತು ಕೋಟೆಯನ್ನು ಕಟ್ಟಲಿಲ್ಲ. ಮಾರ್ಜಕದ್ರವವನ್ನು ಹರಿಸಿದೊಡನೆ ಚದರಿಹೋಯಿತು. ಹೊರಗಿನಿಂದ ಸಂಕೇತದ್ರವ್ಯವನ್ನು ಸೇರಿಸಿದಾಗ ಅದೇ ಮೂಕ ಕ್ರಿಮಿಯು ಮಾತು ಬಲ್ಲವುಗಳಂತೆ ಕೋಟೆಯನ್ನು ಕಟ್ಟಿತು. ಮುಂದೆ 2000ದಲ್ಲಿ, ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳ ಕಫವನ್ನು ಪರೀಕ್ಷಿಸಿದಾಗ ಅದರಲ್ಲಿ ಎರಡು ಸಂಕೇತದ್ರವ್ಯಗಳು ದೊರೆತುವು. ಅವುಗಳ ಪರಸ್ಪರ ಪ್ರಮಾಣವು ಒಂಟಿಯಾಗಿ ತೇಲುವ ಕ್ರಿಮಿಗಳದಕ್ಕಲ್ಲದೆ ಕೋಟೆಯಲ್ಲಿ ವಾಸಿಸುವ ಕ್ರಿಮಿಗಳದಕ್ಕೆ ಹೋಲುತ್ತಿದ್ದಿತು. ಎದೆಯೊಳಗೆ ನಡೆಯುತ್ತಿದ್ದ ಸಂಭಾಷಣೆಯು ಹೀಗೆ ಕಫದ ಮೂಲಕ ಹೊರಬಿದ್ದಿತು.

ನಾವು ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ಇಲ್ಲಿ ದೊರೆಯುವುದು. ಗಾಜಿನ ತಟ್ಟೆಯ ಮೇಲೆ ಔಷಧದಿಂದ ಸಾಯುವುದು ಬಯಲಿನಲ್ಲಿ ನಿಂತ ಕ್ರಿಮಿ. ಎದೆಯೊಳಗಿರುವುದು ಕೋಟೆಯೊಳಗಿನ ಕ್ರಿಮಿ. ಕೋಟೆಯ ಲೋಳೆಯು ಕೆಲವು ಔಷಧಗಳನ್ನು ತಡೆಯುವುದು. ಒಳಭಾಗದಲ್ಲಿ ಗಾಳಿಯೂ ಆಹಾರವೂ ಕಡಿಮೆಯಾಗಿ ಕ್ರಿಮಿಗಳು ಅರೆನಿದ್ರೆಯಲ್ಲಿರುವುವು. ಬೆಳೆಯುತ್ತಿರುವ ಕ್ರಿಮಿಯನ್ನು ಕೊಲ್ಲುವ ಔಷಧವು ಮಲಗಿರುವುದನ್ನು ಮುಟ್ಟದು. ಬಯಲಿನ ಕ್ರಿಮಿಯನ್ನು ಕೊಲ್ಲುವುದಕ್ಕಿಂತ ನೂರು ಪಾಲು, ಒಮ್ಮೊಮ್ಮೆ ಸಾವಿರ ಪಾಲು ಹೆಚ್ಚಿನ ಔಷಧವಿದ್ದರೂ ಕೋಟೆಯ ಕ್ರಿಮಿಯು ಬದುಕಿಕೊಳ್ಳುವುದುಂಟು. ಅಷ್ಟು ಔಷಧವನ್ನು ಮನುಷ್ಯನ ದೇಹವು ತಾಳಲಾರದು.

ಹಾಗಾದರೆ ಕ್ರಿಮಿಗಳನ್ನು ಕೊಲ್ಲುವುದರ ಬದಲು ಅವುಗಳ ಮಾತನ್ನೇ ಕೆಡಿಸಬಾರದೇಕೆ ಎಂಬ ಯೋಚನೆಯು ಸಹಜವಾಗಿಯೇ ಹುಟ್ಟಿತು. ನಮ್ಮ ಅಡಿಗೆಮನೆಯ ಬೆಳ್ಳುಳ್ಳಿಯೂ ಈ ಪರೀಕ್ಷೆಗೆ ಗುರಿಯಾಗಿರುವುದನ್ನು ತಿಳಿದು ಗೃಹಿಣಿಯರು ಸಂತೋಷಪಡಬಹುದು. ಬೆಳ್ಳುಳ್ಳಿಯ ಸಾರವು ಸೂಡೊಮೋನಾಸಿನ ಸಂಕೇತಕ್ಕೆ ಅಡ್ಡಿಮಾಡುವುದೆಂದು ಪ್ರಯೋಗಶಾಲೆಯಲ್ಲಿಯೂ, ಇಲಿಗಳ ಶ್ವಾಸಕೋಶದಲ್ಲಿ ಅದರಿಂದ ಅನುಕೂಲವಾಗುವುದೆಂದು 2005ರಲ್ಲಿಯೂ ಡೆನ್ಮಾರ್ಕಿನ ಪಂಡಿತರು ತೋರಿಸಿದರು. ಆದರೆ ಇಂಗ್ಲೆಂಡಿನಲ್ಲಿ ರೋಗಿಗಳಿಗೇ ಎಂಟು ವಾರ ಬೆಳ್ಳುಳ್ಳಿ ಎಣ್ಣೆಯ ಗುಳಿಗೆಗಳನ್ನು ಕೊಟ್ಟು ನಡೆಸಿ 2010ರಲ್ಲಿ ಪ್ರಕಟಿಸಿದ ಸಣ್ಣ ಪರೀಕ್ಷೆಯಲ್ಲಿ ನಿಶ್ಚಿತವಾದ ಗುಣವು ಕಂಡುಬರಲಿಲ್ಲ. ಬೆಳ್ಳುಳ್ಳಿಯು ಸಾರಿಗೂ ಚಟ್ನಿಗೂ ಉತ್ತಮವೇ. ವೈದ್ಯರ ಔಷಧವನ್ನು ಬಿಟ್ಟು ಅದನ್ನೇ ನಂಬುವುದಕ್ಕೆ ಆಧಾರವಿಲ್ಲ.

ಅಜಿತ್ರೊಮೈಸಿನ್ ಎಂಬ ಔಷಧದ ಕಥೆಯು ಇದಕ್ಕಿಂತ ಆಶಾದಾಯಕವಾದುದು. ಸಾಮಾನ್ಯ ಪ್ರಮಾಣದಲ್ಲಿ ಇದು ಸೂಡೊಮೋನಾಸನ್ನು ಕೊಲ್ಲದು. ಆದರೂ ಅಮೆರಿಕದಲ್ಲಿ 185 ಮಂದಿ ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇದನ್ನು ಸೇವಿಸಿದವರ ಉಸಿರಿನ ಬಲವು ಸೇವಿಸದವರಿಗಿಂತ ಉತ್ತಮವಾಯಿತು. ಕೊಲ್ಲಲಾರದಷ್ಟು ಅಲ್ಪಪ್ರಮಾಣದಲ್ಲಿಯೂ ಇದು ಕ್ರಿಮಿಯ ಸಂಕೇತದ್ರವ್ಯದ ತಯಾರಿಯನ್ನು ಕುಗ್ಗಿಸುವುದೆಂದು ಪ್ರಯೋಗಗಳು ತೋರಿಸಿವೆ. ದೇಹದ ಉರಿಯೂತವನ್ನು ತಗ್ಗಿಸುವ ಗುಣವೂ ಇದಕ್ಕಿರುವುದರಿಂದ, ಲಾಭವೆಲ್ಲವೂ ಮಾತು ಕೆಡಿಸಿದುದರಿಂದಲೇ ಬಂದುದೆಂದು ಹೇಳುವಂತಿಲ್ಲ. ಕ್ರಿಮಿಗಳ ಸಂಭಾಷಣೆಯನ್ನು ಮುರಿಯುವುದಕ್ಕೆಂದೇ ಮಾಡಿದ ಔಷಧವಾವುದೂ ಇನ್ನೂ ವೈದ್ಯರ ನಿತ್ಯದ ಬಳಕೆಗೆ ಬಂದಿಲ್ಲ.

ಇದಕ್ಕೆ ಒಂದು ಗೂಢವಾದ ಕಾರಣವಿರುವುದು. 2006ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ, ಒಂದೇ ರೋಗಿಯಿಂದ ಆರು ತಿಂಗಳ ಎಳೆಯ ವಯಸ್ಸಿನಲ್ಲಿ ತೆಗೆದ ಸೂಡೊಮೋನಾಸನ್ನೂ ಎಂಟು ವರ್ಷದ ವಯಸ್ಸಿನಲ್ಲಿ ತೆಗೆದುದನ್ನೂ ಹೋಲಿಸಿ ನೋಡಿದರು. ಅದೇ ಕ್ರಿಮಿಯ ಸಂತತಿಯು ಅಷ್ಟರೊಳಗೆ 68 ಕಡೆಗಳಲ್ಲಿ ಬದಲಾಗಿದ್ದಿತು. ಹಾಗೆ ಕೆಟ್ಟವುಗಳಲ್ಲಿ ಮೇಲೆ ನೆನಪಿಡಬೇಕೆಂದ ಲಾಸ್‌ಆರ್ ಎಂಬ ಕಿವಿಯೂ ಒಂದು. ಇತರ ರೋಗಿಗಳ ಕ್ರಿಮಿಗಳಲ್ಲಿಯೂ ಈ ಬದಲಾವಣೆಯು ಮತ್ತೆ ಮತ್ತೆ ಕಂಡುಬಂದಿತು. ಊರನ್ನು ಗೆಲ್ಲುವಾಗ ಬೇಕಾಗಿದ್ದ ರಣಕಹಳೆಯು ಗೆದ್ದು ಸಂಸಾರ ಹೂಡಿದ ಮೇಲೆ ಅನಾವಶ್ಯಕವಾಗುವಂತೆ, ನೆಲೆಯೂರಿದ ಕ್ರಿಮಿಗಳಲ್ಲಿ ಅನೇಕವು ಈ ಸಂಕೇತಕ್ಕೆ ಕಿವುಡಾಗಿಬಿಡುವುವು. ಅಂತಹವುಗಳಲ್ಲಿ ಕೆಲವು ಸುಮ್ಮನಿರದೆ, ಎರಡನೆಯ ಸಂಕೇತವನ್ನು ಹಿಡಿದು ಸಂಭಾಷಣೆಯನ್ನು ಮುಂದುವರಿಸುವುವು ಎಂಬುದೂ ಈಚೆಗೆ ತಿಳಿದುಬಂದಿದೆ. ಮೊದಲನೆಯ ಕಿವಿಯನ್ನು ಮುಚ್ಚುವ ಔಷಧವು, ಆ ಕಿವಿಯೇ ಇಲ್ಲದ ಕ್ರಿಮಿಗೆ ಏನು ಮಾಡೀತು?

ಇಲ್ಲಿಯೇ ಈ ವಿಷಯದ ತಿರುಳಿರುವುದು. ಈ ಕ್ರಿಮಿಯೊಡನೆ ನಡೆಯುವ ಹೋರಾಟದಲ್ಲಿ ಔಷಧದ ಬಲಕ್ಕಿಂತಲೂ ಕಾಲದ ಬಲವು ದೊಡ್ಡದು. ಅದು ಹೊಸದಾಗಿ ಬಂದು, ಕೋರಂ ಇನ್ನೂ ಪೂರ್ತಿಯಾಗದೆ, ಕೋಟೆಯು ಇನ್ನೂ ಏಳದಿರುವಾಗ ಸಾಧಾರಣ ಔಷಧಗಳಿಗೇ ಮಣಿಯುವುದು. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ವೈದ್ಯರು 1991ರಲ್ಲಿ ಇದನ್ನು ಎಲ್ಲರಿಗೂ ಮನಗಾಣಿಸಿದರು. ಕಫದಲ್ಲಿ ಸೂಡೊಮೋನಾಸ್ ಮೊದಲ ಬಾರಿಗೆ ಕಾಣಿಸಿಕೊಂಡ ರೋಗಿಗಳನ್ನು ಎರಡು ಗುಂಪುಮಾಡಿ, ಒಂದು ಗುಂಪಿಗೆ ಕ್ರಿಮಿಯು ಕಂಡಾಗಲೆಲ್ಲ ಮೂರು ವಾರ ಔಷಧವನ್ನು ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. 27 ತಿಂಗಳುಗಳು ಕಳೆಯುವುದರೊಳಗೆ ಔಷಧವಿಲ್ಲದ 12 ಮಂದಿಯಲ್ಲಿ 7 ಮಂದಿಗೆ ಕ್ರಿಮಿಯು ಶಾಶ್ವತವಾಗಿ ಅಂಟಿಕೊಂಡಿತು; ಔಷಧ ಪಡೆದ 14 ಮಂದಿಯಲ್ಲಿ ಹಾಗಾದುದು 2 ಮಂದಿಗೆ ಮಾತ್ರ. ಸಿಸ್ಟಿಕ್ ಫೈಬ್ರೋಸಿಸಿನ ಮೂಲದೋಷವನ್ನೇ ಬಹುಮಟ್ಟಿಗೆ ಸರಿಪಡಿಸುವ ಮೂರು ದ್ರವ್ಯಗಳ ಔಷಧಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು ಅನೇಕರ ಬಾಳು ಹಸನಾಗಿದೆ. ಆದರೂ ಮೊದಲೇ ನೆಲಸಿದ್ದ ಕ್ರಿಮಿಯು ಅಂತಹವರಲ್ಲಿಯೂ ಎಷ್ಟೋ ಮಂದಿಯ ಎದೆಯನ್ನು ಬಿಟ್ಟುಹೋಗಿಲ್ಲ. ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೆ ಎಂಬ ನಮ್ಮ ಹಿರಿಯರ ಮಾತು ಇಲ್ಲಿ ಅಕ್ಷರಶಃ ಸಲ್ಲುವುದು.

ಇದರಿಂದ ಸಂಸಾರಸ್ಥರು ಗ್ರಹಿಸಬೇಕಾದುದನ್ನು ಸಂಗ್ರಹವಾಗಿ ಹೇಳಿ ಮುಗಿಸುವೆವು. ಎರಡು ವಾರಗಳನ್ನು ಮೀರಿದ ಕೆಮ್ಮನ್ನು ಹವೆಯ ದೋಷವೆಂದು ತಳ್ಳಿಹಾಕದೆ ಕಫವನ್ನು ಪರೀಕ್ಷೆ ಮಾಡಿಸಬೇಕು. ನಮ್ಮ ದೇಶದಲ್ಲಿ ಮೊದಲು ಶಂಕಿಸಬೇಕಾದುದು ಕ್ಷಯವನ್ನು. ಕ್ಷಯವು ಗುಣವಾದ ತರುವಾಯವೂ ದಿನವೂ ಕಫವು ಬೀಳುತ್ತಿದ್ದರೆ, ರೋಗವು ಹೋಯಿತಲ್ಲ ಎಂದು ಸಮಾಧಾನ ತಾಳದೆ, ಶ್ವಾಸಕೋಶದ ವೈದ್ಯರಲ್ಲಿ ತೋರಿಸಿ, ಆ ಕಫದಲ್ಲಿ ಯಾವ ಕ್ರಿಮಿಯು ಬೆಳೆಯುವುದೆಂಬುದನ್ನು ತಿಳಿದುಕೊಳ್ಳಬೇಕು. ಅಂಗಡಿಯಲ್ಲಿ ಕೇಳಿ ತಂದ ಗುಳಿಗೆಗಳನ್ನು ಎರಡು ದಿನ ನುಂಗಿ ಬಿಡುವ ಅಭ್ಯಾಸದಿಂದ ಕ್ರಿಮಿಯು ಔಷಧಕ್ಕೆ ಒಗ್ಗಿಹೋಗುವುದೇ ಹೊರತು ಹೋಗದು. ಕಫವನ್ನು ಎದೆಯಿಂದ ಸಡಿಲಿಸಿ ಹೊರತರುವ ಉಸಿರಾಟದ ಅಭ್ಯಾಸಗಳನ್ನು ವೈದ್ಯರು ಹೇಳಿದಂತೆ ತಪ್ಪದೆ ಮಾಡಿಸಬೇಕು; ಬಚ್ಚಲನ್ನು ತಿಕ್ಕಿ ತೊಳೆದಂತೆ ಇದು ಕೋಟೆಯ ಬುಡವನ್ನೇ ಸಡಿಲಿಸುವ ಕೆಲಸ. ಆವಿಯ ರೂಪದಲ್ಲಿ ಔಷಧವನ್ನು ಕೊಡುವ ನೆಬ್ಯುಲೈಸರ್ ಮನೆಯಲ್ಲಿದ್ದರೆ, ಅದರ ಬಟ್ಟಲನ್ನೂ ಮುಖವಾಡವನ್ನೂ ಬಳಸಿದ ಮೇಲೆ ತೊಳೆದು, ಅದರೊಡನೆ ಬಂದ ಸೂಚನೆಯಂತೆ ಕ್ರಿಮಿಶುದ್ಧಿ ಮಾಡಿ, ಪೂರ್ತಿಯಾಗಿ ಒಣಗಿಸಿಡಬೇಕು. ತೇವವಿರುವೆಡೆಯಲ್ಲಿ ಸೂಡೊಮೋನಾಸ್ ಸಂಸಾರ ಹೂಡುವುದೆಂಬುದನ್ನು ಮರೆಯಲಾಗದು.

ಕ್ರಿಮಿಗಳ ಮಾತನ್ನು ಕೆಡಿಸುವ ವಿದ್ಯೆಯು ಮುಂದೆ ಎಂದಾದರೂ ಪೂರ್ಣವಾಗಿ ಕೈಸೇರಬಹುದು. ಶೋಧಕರು ಅದಕ್ಕಾಗಿ ಹಗಲಿರುಳು ದುಡಿಯುತ್ತಿರುವರು. ಅದುವರೆಗೆ ನಮ್ಮ ಕೈಯಲ್ಲಿರುವುದು, ಅವುಗಳ ಸಭೆಯು ಕೂಡುವುದಕ್ಕೆ ಮೊದಲೇ ವೈದ್ಯರ ಬಾಗಿಲಿಗೆ ಹೋಗುವುದು. ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಕೆಮ್ಮುತ್ತಿದ್ದರೆ, ಈ ಲೇಖನವನ್ನು ಓದಿದವರು ನಾಳೆಗೆಂದು ತಡಮಾಡದೆ ಅವರನ್ನು ಕರೆದುಕೊಂಡು ಹೊರಡಲಿ ಎಂಬುದೇ ನಮ್ಮ ಬಿನ್ನಹ.